ಆಕಾಶದ ಬಾಗಿಲು ತೆರೆದಿದೆ, ಅಂಗಡಿ ಬಲ್ಬು ಅಡ್ಡ ನಿಂತಿದೆ!

ವಿಜಯನಗರದ ಕಡೆ ಮಹಡಿಗಳ ಮೇಲೆ ಒಮ್ಮೆ ಕಣ್ಣು ಹಾಯಿಸಿ. ನೀರಿನ ಟ್ಯಾಂಕು, ಡಿಷ್, ಒಣಹಾಕಿದ ಸೀರೆ. ಇವುಗಳ ನಡುವೆ ಎರಡು ಕೋಲಿಗೆ ಬಿಗಿದ ತಂತಿಯೊಂದು ಕಂಡರೆ ಅದೂ ಬಟ್ಟೆಯ ಹಗ್ಗವೇ ಅಂದುಕೊಳ್ಳಬೇಡಿ. ಹ್ಯಾಮ್ ರೇಡಿಯೋ ಹವ್ಯಾಸಿಗಳ ಆಂಟೆನಾ ಇದ್ದರೂ ಇದ್ದೀತು. ಅದರ ಕೆಳಗೆ ಕೂತ ಪುಣ್ಯಾತ್ಮ ಬೆಳಗಿನ ಕಾಫಿ ಮುಗಿಸುವಷ್ಟರಲ್ಲಿ ಜಪಾನಿನವರ ಯೋಗಕ್ಷೇಮ ವಿಚಾರಿಸಿರುತ್ತಾನೆ. ಇಂಟರ್‌ನೆಟ್ ಇಲ್ಲ, ಮೊಬೈಲ್ ಟವರ್ ಇಲ್ಲ, ಉಪಗ್ರಹವೂ ಇಲ್ಲ!

ಇದು ಹೇಗೆ ಸಾಧ್ಯ ಸ್ವಾಮಿ ಅಂತೀರಾ? ನೆಲದಿಂದ ಸುಮಾರು 300 ಕಿ.ಮೀ. ಎತ್ತರದಲ್ಲಿ ಅಯಾನುಗೋಳ ಎಂಬ ಪದರವಿದೆ. ಸೂರ್ಯನ ಅತಿನೇರಳೆ ಕಿರಣ ಬಿದ್ದು ಅಲ್ಲಿನ ಗಾಳಿ ವಿದ್ಯುತ್ ಕಣಗಳಿಂದ ತುಂಬಿರುತ್ತದೆ. ಶಾರ್ಟ್‌ವೇವ್ ಅಲೆ ಅಲ್ಲಿಗೆ ಹೋಗಿ, ಬಾಗಿ, ಮತ್ತೆ ಭೂಮಿಗೆ ಇಳಿಯುತ್ತದೆ. ಒಂದೇ ನೆಗೆತಕ್ಕೆ ಮೂರು ಸಾವಿರ ಕಿ.ಮೀ. ದಾಟುವುದುಂಟು.

ತಮಾಷೆ ನೋಡಿ. ಹತ್ತು ಮೀಟರ್ ಬ್ಯಾಂಡಿನಲ್ಲಿ, ಅಂದರೆ 28 ಮೆಗಾಹರ್ಟ್ಸ್‌ನಲ್ಲಿ, ವಿಜಯನಗರದವರ ಮಾತು ಕೆಂಗೇರಿಗೆ ಕೇಳಿಸುತ್ತೆ, ಟೋಕಿಯೋಗೂ ಕೇಳಿಸುತ್ತೆ. ಹುಬ್ಬಳ್ಳಿಗೆ ಮಾತ್ರ ಸಾಮಾನ್ಯವಾಗಿ ಕೇಳಿಸಲ್ಲ! ಇದು ಎಕ್ಸ್‌ಪ್ರೆಸ್ ಬಸ್ಸಿನ ಹಾಗೆ. ಹತ್ತಿದ ಊರು ಬಿಟ್ಟರೆ ದೂರದೂರಲ್ಲೇ ನಿಲುಗಡೆ, ನಡುವಿನವರು ಎಷ್ಟು ಕೈ ತೋರಿಸಿದರೂ ಇಲ್ಲ. ಟೈಮಿಂಗ್ಸ್ ಕೂಡ ಉಂಟು. ಬೆಳಿಗ್ಗೆ ಜಪಾನ್, ಆಸ್ಟ್ರೇಲಿಯಾ ಕಡೆ; ಮಧ್ಯಾಹ್ನದ ಮೇಲೆ ಯೂರೋಪ್, ಆಫ್ರಿಕಾ ಕಡೆ.

ನಮ್ಮ ಪಶ್ಚಿಮ ಬಡಾವಣೆಗಳ ಪಾಲಿಗೆ ಇನ್ನೊಂದು ಅನುಕೂಲ. ಕೆಳಗಿನ 40 ಮೀಟರ್ ಬ್ಯಾಂಡಿಗೆ ಸುಮಾರು 66 ಅಡಿ ತಂತಿ ಎಳೆಯಬೇಕು. 30-40 ಸೈಟಿನಲ್ಲಿ ಎಲ್ಲಿಂದ ತರೋಣ? ಹತ್ತು ಮೀಟರ್ ಬ್ಯಾಂಡಿಗಾದರೆ ಹದಿನಾರೂವರೆ ಅಡಿ ಸಾಕು. ಬಸವೇಶ್ವರನಗರದ ಸಣ್ಣ ಮಹಡಿಯಲ್ಲೂ ಧಾರಾಳವಾಗಿ ಹಿಡಿಸುತ್ತದೆ.

ಆದರೆ ಈ ಬಾಗಿಲು ಸದಾ ತೆರೆದಿರುವುದಿಲ್ಲ. ಸೂರ್ಯನ ಮೇಲಿನ ಕಲೆಗಳು ಸುಮಾರು 11 ವರ್ಷಕ್ಕೊಮ್ಮೆ ಹೆಚ್ಚಿ ಇಳಿಯುತ್ತವೆ. ಕಲೆ ಹೆಚ್ಚಿದಾಗ ಮೇಲಿನ ಬ್ಯಾಂಡುಗಳಿಗೆ ಸುಗ್ಗಿ, ಇಳಿದಾಗ ಬರಗಾಲ. ನಮ್ಮ ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯ ಕೊಡೈಕನಾಲ್ ವೀಕ್ಷಣಾಲಯ 1904ರಿಂದಲೂ ಈ ಕಲೆಗಳ ಫೋಟೋ ತೆಗೆಯುತ್ತಾ ಬಂದಿದೆ. 2019ರ ಡಿಸೆಂಬರ್‌ನಲ್ಲಿ ಶುರುವಾದ 25ನೇ ಚಕ್ರ 2024ರಲ್ಲಿ ಶಿಖರ ಮುಟ್ಟಿತು. ಇನ್ನು ಇಳಿಜಾರು. 2030ರ ಆಸುಪಾಸಿಗೆ ತಳ ಕಾಣುವ ನಿರೀಕ್ಷೆ. ಆಮೇಲೆ ಮತ್ತೆ ಕೆಲವು ವರ್ಷ ಕಾಯಬೇಕು.

ಇಂಥ ಸುಗ್ಗಿಯಲ್ಲಿ ಕಲ್ಲು ಹಾಕುತ್ತಿರುವವರು ಯಾರು? ಬೇಜಾರಾಗಬೇಡಿ ಅಂಗಡಿ ಯಜಮಾನರೇ, ನಾವೇ! ಅಗ್ಗದ ಎಲ್‌ಇಡಿ ಬಲ್ಬು, ಮಿನುಗುವ ಬೋರ್ಡು, ಸೀರಿಯಲ್ ಸೆಟ್ಟು, ಮೊಬೈಲ್ ಚಾರ್ಜರು. ನಾಲ್ಕು ಕಾಸು ಉಳಿಸಲು ಇವುಗಳೊಳಗಿನ ಫಿಲ್ಟರ್ ಬಿಟ್ಟು ತಯಾರಿಸುವುದುಂಟು. ಆಗ ಅವು ಬೆಳಕಿನ ಜೊತೆಗೆ ರೇಡಿಯೋ ಗದ್ದಲವನ್ನೂ ಬಿಟ್ಟಿ ಹಂಚುತ್ತವೆ. ಟೋಕಿಯೋದಿಂದ ಬಂದ ಪಿಸುಮಾತು ರಾಜಾಜಿನಗರದ ಬೀದಿಯಲ್ಲಿ ಕಳೆದುಹೋಗುತ್ತದೆ.

ನಂಬಿಕೆ ಬರಲಿಲ್ಲವೇ? ಬ್ಯಾಟರಿ ಟ್ರಾನ್ಸಿಸ್ಟರ್ ತೆಗೆದು, ಮೀಡಿಯಂ ವೇವ್‌ನಲ್ಲಿ ಯಾವ ಸ್ಟೇಷನ್ನೂ ಇಲ್ಲದ ಜಾಗಕ್ಕೆ ತಿರುಗಿಸಿ, ಬಲ್ಬಿನ ಹತ್ತಿರ ಹಿಡಿಯಿರಿ. ಸ್ವಿಚ್ ಹಾಕಿದಾಗ ಗರ್‌ಗುಟ್ಟಿ, ಆರಿಸಿದಾಗ ಸುಮ್ಮನಾದರೆ ಕಳ್ಳ ಸಿಕ್ಕಿಬಿದ್ದ! ಆ ಒಂದು ಬಲ್ಬು ಬದಲಿಸಿದರೆ ಆಯಿತು.

ಹವ್ಯಾಸಿಗಳ ಹುಚ್ಚಿಗೆ ನಾವ್ಯಾಕೆ ತಲೆ ಕೆಡಿಸಿಕೊಳ್ಳಬೇಕು ಅನ್ನಬಹುದು. 2004ರ ಡಿಸೆಂಬರ್ 26 ನೆನಪಿದೆಯೇ? ಸುನಾಮಿಗೆ ಅಂಡಮಾನಿನ ಫೋನುಗಳು ಸತ್ತಾಗ, ಅಲ್ಲಿಗೆ ಹವ್ಯಾಸಕ್ಕೆಂದೇ ಹೋಗಿದ್ದ ಭಾರತಿ ಪ್ರಸಾದ್ ಮತ್ತವರ ಹ್ಯಾಮ್ ತಂಡ ಇದೇ ಶಾರ್ಟ್‌ವೇವ್‌ನಲ್ಲಿ ಜನರ ಕ್ಷೇಮ ಸಮಾಚಾರ ಮುಟ್ಟಿಸಿತು. ಆಪತ್ತಿಗೆ ಒದಗಿದ್ದು ಆ ಹುಚ್ಚೇ.

ಆಸಕ್ತರಿಗೆ ಒಂದು ಮಾತು. ಲೈಸೆನ್ಸ್ ಇಲ್ಲದೆ ಮಾತಾಡುವ ಹಾಗಿಲ್ಲ. ಕೇಂದ್ರದ ದೂರಸಂಪರ್ಕ ಇಲಾಖೆಯ ಪರೀಕ್ಷೆ ಪಾಸಾಗಬೇಕು. 12 ವರ್ಷ ತುಂಬಿದ ಮಕ್ಕಳೂ ಬರೆಯಬಹುದು. ಗಾಳಿಯಲ್ಲಿ ವ್ಯಾಪಾರದ ಮಾತು ನಿಷಿದ್ಧ.

ನಿಮ್ಮ ಬೋರ್ಡು ಗಿರಾಕಿಗಳನ್ನು ಕರೆಯಲಿ, ಬೇಡ ಅನ್ನೋರ್ಯಾರು? ಆದರೆ ಅದು ಕಣ್ಣಿಗೆ ಕಾಣಲಿ ಸಾಕು, ಆಕಾಶಕ್ಕೆ ಕೇಳಿಸುವುದು ಬೇಡ.