ಮುಹೂರ್ತ ಕಾಯಲ್ಲ, ಬ್ಯಾಟರಿಯೂ ಕಾಯಲ್ಲ!

‘ಎಷ್ಟು ಮೆಗಾಪಿಕ್ಸೆಲ್?’ ಮದುವೆಮನೆಯಲ್ಲಿ ಕ್ಯಾಮೆರಾ ಹಿಡಿದು ನಿಂತರೆ ಎಲ್ಲರೂ ಕೇಳುವ ಪ್ರಶ್ನೆ ಇದು. ನನ್ನನ್ನು ಕೆಲಸಕ್ಕೆ ಕರೆಯುವ ಸ್ಟುಡಿಯೊ ಅಣ್ಣ ಮಾತ್ರ ಒಂದು ದಿನವೂ ಅದನ್ನು ಕೇಳಿಲ್ಲ. ಅವರ ಪ್ರಶ್ನೆಯೇ ಬೇರೆ: ‘ಬ್ಯಾಟರಿ ಎಷ್ಟು ತಂದಿದ್ದೀಯಪ್ಪಾ?’

ಡಿಗ್ರಿ ಮುಗಿದಿದೆ, ಪರೀಕ್ಷೆಗಳಿಗೆ ಓದುತ್ತಿದ್ದೇನೆ. ಸೀಸನ್ ಬಂದರೆ ಮದುವೆಗಳಿಗೆ ಎರಡನೇ ಫೋಟೊಗ್ರಾಫರ್ ಆಗಿ ಹೋಗುತ್ತೇನೆ. ರೂಮ್ ಬಾಡಿಗೆ ಹುಟ್ಟುವುದೇ ಅದರಿಂದ. ಕೈಯಲ್ಲಿರುವುದು ಸೆಕೆಂಡ್ ಹ್ಯಾಂಡ್ ಸೋನಿ ಎ6400, 2019ರಲ್ಲಿ ಬಂದ ಮಿರರ್‌ಲೆಸ್. 24.2 ಮೆಗಾಪಿಕ್ಸೆಲ್ ಅಂದರೆ 6000x4000 ಚುಕ್ಕಿಗಳ ಚಿತ್ರ. ಆಲ್ಬಂನ 12x18 ಇಂಚಿನ ಪುಟಕ್ಕೆ, ಇಂಚಿಗೆ 300 ಚುಕ್ಕಿಯ ಲೆಕ್ಕದಲ್ಲಿ, 5400x3600 ಸಾಕು. ಮೆಗಾಪಿಕ್ಸೆಲ್ ಕಥೆ ಇಲ್ಲಿಗೇ ಮುಗಿಯಿತು.

ಬ್ಯಾಟರಿಯ ಕಥೆ ಹಾಗಲ್ಲ. ಡಿಎಸ್‌ಎಲ್‌ಆರ್‌ನಲ್ಲಿ ಕನ್ನಡಿಯೊಂದು ಬೆಳಕನ್ನು ನೇರ ಕಣ್ಣಿಗೆ ಕಳಿಸುತ್ತದೆ. ಮಿರರ್‌ಲೆಸ್‌ನಲ್ಲಿ ಕನ್ನಡಿಯೇ ಇಲ್ಲ. ಸೆನ್ಸರ್ ಕಂಡದ್ದನ್ನು ಪುಟ್ಟ ಪರದೆ ತೋರಿಸುತ್ತದೆ. ಫೋಟೊ ಕಪ್ಪಾಗುತ್ತದೋ ಬೆಳ್ಳಗಾಗುತ್ತದೋ ಕ್ಲಿಕ್ಕಿಸುವ ಮೊದಲೇ ಗೊತ್ತಾಗುವುದು ದೊಡ್ಡ ಅನುಕೂಲ. ಆದರೆ ಸೆನ್ಸರ್, ಪರದೆ ಎರಡೂ ಸದಾ ಉರಿಯುತ್ತಿರಬೇಕು. ವ್ಯೂಫೈಂಡರ್‌ನಲ್ಲಿ ನೋಡಿ ತೆಗೆದರೆ ಒಂದು ಬ್ಯಾಟರಿಗೆ ಸುಮಾರು 360 ಚಿತ್ರ ಎನ್ನುತ್ತದೆ ಕಂಪನಿ. ದೇವರ ಸಮಾರಾಧನೆಯಿಂದ ಆರತಕ್ಷತೆವರೆಗೆ ನಿಂತವರಿಗೆ ಇದು ಎಲ್ಲಿಗೆ ಸಾಕು ಹೇಳಿ! ಊಟದ ಹೊತ್ತಿನಲ್ಲಿ ಪವರ್ ಬ್ಯಾಂಕ್‌ಗೆ ಸಿಕ್ಕಿಸಿ ಚಾರ್ಜ್ ಮಾಡಬಹುದು ಅನ್ನುವುದೊಂದು ಸಮಾಧಾನ.

ಸ್ಪೆಸಿಫಿಕೇಷನ್ ಪಟ್ಟಿಯಲ್ಲಿ ನಾನು ಮೊದಲು ಹುಡುಕುವ ಇನ್ನೊಂದು ಸಾಲು ಕಾರ್ಡ್ ಸ್ಲಾಟ್. ಇದರಲ್ಲಿ ಇರುವುದು ಒಂದೇ. ಕಾರ್ಡ್ ಕೈಕೊಟ್ಟರೆ ಮಾಂಗಲ್ಯಧಾರಣೆಯನ್ನು ಎರಡನೇ ಸಲ ಮಾಡಿಸಲಾಗುತ್ತದೆಯೇ? ಹಾಗಾಗಿ ಧಾರೆ ಮುಗಿದ ಕೂಡಲೇ ಕಾರ್ಡ್ ತೆಗೆದು ಜೇಬಿಗೆ ಹಾಕಿ, ಹೊಸದು ತುಂಬುತ್ತೇನೆ.

ಹೊಗಳಬೇಕಾದ್ದು ಫೋಕಸ್. 425 ಫೋಕಸ್ ಬಿಂದುಗಳಿವೆ, ಕಣ್ಣನ್ನು ತಾನೇ ಹುಡುಕಿ ಹಿಡಿಯುತ್ತದೆ. ಅಕ್ಷತೆ ಮಳೆಯ ನಡುವೆಯೂ ವಧುವಿನ ಕಣ್ಣು ಬಿಡುವುದು ಕಡಿಮೆ. ತೂಕವೂ ಬರೀ 403 ಗ್ರಾಂ, ಸಂಜೆ ಕುತ್ತಿಗೆ ಅದನ್ನು ನೆನೆಯುತ್ತದೆ! ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಮಾತ್ರ ಎಲ್‌ಇಡಿ ದೀಪಗಳ ಕೆಳಗೆ ಬೇಡ. ಸೆನ್ಸರ್ ಸಾಲುಸಾಲಾಗಿ ಓದುವುದರಿಂದ, ಮಿನುಗುವ ದೀಪವಿದ್ದರೆ ಫೋಟೊದಲ್ಲಿ ಪಟ್ಟೆ ಬೀಳುತ್ತದೆ.

ಬಾಡಿಯೊಳಗೆ ಕೈನಡುಕ ತಡೆಯುವ ವ್ಯವಸ್ಥೆ ಇಲ್ಲ, ಅದು ಲೆನ್ಸ್‌ನಲ್ಲೇ ಇರಬೇಕು. ಜೊತೆಗೆ ಬರುವ 16-50 ಲೆನ್ಸ್‌ನಲ್ಲಿ ಇದೆ. ಆದರೆ ಜೂಮ್ ಮಾಡಿದಾಗ ಅದರ ಬಾಯಿ ಎಫ್5.6ಕ್ಕೆ ಕಿರಿದಾಗುತ್ತದೆ. ಎಫ್1.8 ಲೆನ್ಸ್ ಅದರ 9 ಪಟ್ಟಿಗೂ ಹೆಚ್ಚು ಬೆಳಕು ತರುತ್ತದೆ. ನಮ್ಮ ಕಡೆಯ ಮಂಟಪಗಳ ಬೆಳಕು ನಿಮಗೆ ಗೊತ್ತೇ ಇದೆ. ಹೊಸ ಬಾಡಿ ಬಂದಿದೆ, ಬದಲಾಯಿಸು ಎಂದು ಗೆಳೆಯರು ಹೇಳುತ್ತಲೇ ಇರುತ್ತಾರೆ. ಈ ಸೀಸನ್ ದುಡ್ಡು ಮಾತ್ರ 35 ಎಂಎಂ ಎಫ್1.8 ಲೆನ್ಸ್‌ಗೆ. ಅದಕ್ಕೂ ಮೊದಲು ನಾಲ್ಕನೇ ಬ್ಯಾಟರಿ. ಅಣ್ಣ ಕೇಳಿಯೇ ಕೇಳುತ್ತಾರೆ.