ಇಬ್ಬರೇ ಹೊರಟರು

ಹಿರೀಸಾವೆಯಲ್ಲಿ ಇಳಿಯುವವರಿಗಿಂತ ಹಿರೀಸಾವೆಯನ್ನು ಹಾದುಹೋಗುವವರೇ ಹೆಚ್ಚು. ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ ಹೆದ್ದಾರಿ ಊರಿನ ಪಕ್ಕದಲ್ಲಿಯೇ ಇದೆ. ಶ್ರವಣಬೆಳಗೊಳಕ್ಕೆ ಹೋಗುವವರು ಇಲ್ಲಿ ದಾರಿ ತಿರುಗುತ್ತಾರೆ. ಧರ್ಮಸ್ಥಳ, ಸುಬ್ರಹ್ಮಣ್ಯಗಳಿಗೆ ಹರಕೆ ಹೊತ್ತವರು ನೇರವಾಗಿ ಚನ್ನರಾಯಪಟ್ಟಣದ ಕಡೆಗೆ ಸಾಗುತ್ತಾರೆ. ಸಂಜೆ ಪಾಠ ಮುಗಿಸಿಕೊಂಡು ರಸ್ತೆ ದಾಟಲು ಕಾದು ನಿಂತಾಗ, ಈ ವಾಹನಗಳಲ್ಲಿ ಕುಳಿತವರೆಲ್ಲರೂ ಯಾವುದೋ ಪಂದ್ಯದಲ್ಲಿ ಸೇರಿದವರೇ ಇರಬೇಕೆಂದು ನನಗೆ ಎಷ್ಟೋ ಸಲ ಅನ್ನಿಸಿದ್ದುಂಟು. ಹೀಗೆ ಅನ್ನಿಸಲು ಕಾರಣ ನನ್ನ ತಂಗಿಯ ಮಗ. ರಜೆಯಲ್ಲಿ ಬಂದಿದ್ದ ಅವನು ಪ್ರತಿ ರಾತ್ರಿಯೂ ಊಟವಾದ ಮೇಲೆ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಒಂದು ಓಟದ ಪಂದ್ಯವನ್ನು ದೂರದರ್ಶನದ ಪರದೆಯ ಮೇಲೆ ತೋರಿಸುತ್ತಿದ್ದ.

ಪಂದ್ಯದ ಹೆಸರು ‘ದಿ ಅಮೇಜಿಂಗ್ ರೇಸ್ ಏಷ್ಯಾ’. ಮೂಲ ಪಂದ್ಯ ಅಮೆರಿಕದ್ದು. ಸಿಬಿಎಸ್ ವಾಹಿನಿಯವರು 2001ರ ಸೆಪ್ಟೆಂಬರಿನಲ್ಲಿ ಅದನ್ನು ಮೊದಲು ತೋರಿಸಿದರು. ಅದರ ಏಷ್ಯಾದ ರೂಪ 2006ರ ನವೆಂಬರಿನಲ್ಲಿ ಎಎಕ್ಸ್‌ಎನ್ ವಾಹಿನಿಯಲ್ಲಿ ಆರಂಭವಾಗಿ, 2010ರೊಳಗೆ ನಾಲ್ಕು ಸಲ, ಅನಂತರ 2016ರಲ್ಲಿ ಐದನೆಯ ಸಲ ನಡೆಯಿತು. ತಂಡವೆಂದರೆ ಇಬ್ಬರೇ: ಗಂಡಹೆಂಡಿರು, ಅಣ್ಣತಮ್ಮಂದಿರು, ಅಪ್ಪಮಕ್ಕಳು, ಗೆಳೆಯರು, ಹೀಗೆ. ಇವರ ಕೈಗೆ ಒಂದು ಮುಚ್ಚಿದ ಲಕೋಟೆ ಬರುತ್ತದೆ. ಅದನ್ನು ಒಡೆದರೆ ಮುಂದೆ ಯಾವ ಊರಿಗೆ ಹೋಗಬೇಕು, ಅಲ್ಲಿ ಏನು ಮಾಡಬೇಕು ಎಂಬುದು ತಿಳಿಯುತ್ತದೆ. ಕೆಲವು ಕೆಲಸಗಳನ್ನು ಇಬ್ಬರಲ್ಲಿ ಒಬ್ಬರೇ ಮಾಡಬೇಕು. ಇನ್ನೊಬ್ಬರು ಪಕ್ಕದಲ್ಲಿ ನಿಂತು ಕೈ ಹಿಸುಕಿಕೊಳ್ಳಬೇಕು. ಒಂದೊಂದು ಹಂತದ ಕೊನೆಗೆ ಒಂದು ಚಾಪೆಯನ್ನು ಹಾಸಿರುತ್ತಾರೆ. ಕಟ್ಟಕಡೆಗೆ ಬಂದು ಅದರ ಮೇಲೆ ಕಾಲಿಟ್ಟ ಜೋಡಿ ಸಾಮಾನ್ಯವಾಗಿ ಅಲ್ಲಿಂದಲೇ ಮನೆಗೆ. ಮೊದಲ ವರ್ಷ ಗೆದ್ದ ಮಲೇಷಿಯಾದ ಜೋಡಿಗೆ ದೊರೆತದ್ದು ಒಂದು ಲಕ್ಷ ಡಾಲರು.

ಇಷ್ಟು ಹೇಳಿದರೆ ಸಾಹಸದ ಕಥೆಯಂತೆ ತೋರುತ್ತದೆ. ನೋಡುವಾಗ ಮನಸ್ಸನ್ನು ಹಿಡಿಯುವುದು ಮಾತ್ರ ಸಾಹಸವಲ್ಲ, ಜಗಳ. ಬಾಡಿಗೆ ಕಾರಿನ ಚಾಲಕನಿಗೆ ದಾರಿ ಹೇಳಿದವರು ಯಾರು, ಲಕೋಟೆಯಲ್ಲಿದ್ದ ಒಂದು ಸಾಲನ್ನು ಓದದೆ ಬಿಟ್ಟವರು ಯಾರು, ಕೈಚೀಲವನ್ನು ಮರೆತವರು ಯಾರು! ವಿಮಾನ ನಿಲ್ದಾಣದ ನೆಲದ ಮೇಲೆ ನಿದ್ದೆಗೆಟ್ಟು ಕುಳಿತ ಎರಡನೆಯ ದಿನವೇ ಒಲಿದು ಮದುವೆಯಾದವರ ನಾಲಗೆಗೂ ಮುಳ್ಳು ಮೂಡುತ್ತದೆ. ಈ ಪಂದ್ಯವನ್ನು ರೂಪಿಸಿದವರು ಬುದ್ಧಿವಂತರು. ಒಬ್ಬನೇ ಓಡಿದರೆ ಅವನ ಮನಸ್ಸಿನೊಳಗೆ ನಡೆಯುವುದು ಕ್ಯಾಮೆರಾಕ್ಕೆ ಕಾಣದು. ನಾಲ್ವರು ಓಡಿದರೆ ಗುಂಪಾಗುತ್ತದೆ. ಇಬ್ಬರಾದರೆ ಮಾತು ಆಡಲೇಬೇಕು.

ನಮ್ಮ ತಾಯಿಯವರು ನಾಲ್ಕು ರಾತ್ರಿ ಈ ಓಟವನ್ನು ಮೌನವಾಗಿ ನೋಡಿದರು. ಐದನೆಯ ರಾತ್ರಿ ಕೇಳಿದರು:

“ಅಲ್ಲ ಮಗಾ, ಇಷ್ಟು ಊರು ಓಡಾಡ್ತಾರಲ್ಲ ಇವರು, ನೋಡಿದ್ದೇನು?”

ನನ್ನಲ್ಲಿ ಉತ್ತರವಿರಲಿಲ್ಲ. ನಿಜಕ್ಕೂ ಅವರಿಗೆ ನೋಡಲು ಪುರಸೊತ್ತೆಲ್ಲಿದೆ? ಅಮೆರಿಕದ ಪಂದ್ಯ ಮೊದಲ ವರ್ಷವೇ ತಾಜಮಹಲಿಗೆ ಬಂದಿತ್ತು. 2006ರಲ್ಲಿ ಚೆನ್ನೈಗೆ, 2012ರಲ್ಲಿ ಕೊಚ್ಚಿಗೆ ಬಂದಿತ್ತು. ಇಡೀ ಭೂಮಂಡಲದ ಓಟವನ್ನು ಅವರು ನಾಲ್ಕು ವಾರಗಳ ಆಸುಪಾಸಿನಲ್ಲಿ ಮುಗಿಸಿಬಿಡುತ್ತಾರೆ. ತಾಜಮಹಲಿನ ಮುಂದೆ ನಿಂತವರ ಕಣ್ಣು ಲಕೋಟೆಯ ಪೆಟ್ಟಿಗೆಯನ್ನು ಹುಡುಕುತ್ತಿದ್ದರೆ ಅದು ಅವರ ತಪ್ಪೂ ಅಲ್ಲ.

ಇದಕ್ಕಿಂತ ಸ್ವಲ್ಪ ನಿಧಾನದ ಪಂದ್ಯವೊಂದು ಇಂಗ್ಲೆಂಡಿನದು. ಬಿಬಿಸಿಯವರ ‘ರೇಸ್ ಅಕ್ರಾಸ್ ದ ವರ್ಲ್ಡ್’ ಎಂಬ ಈ ಓಟದಲ್ಲಿ ವಿಮಾನ ಏರುವಂತಿಲ್ಲ. ಮೊಬೈಲ್ ಫೋನು, ಬ್ಯಾಂಕಿನ ಕಾರ್ಡು ಎರಡೂ ಕೂಡದು. ಅಷ್ಟು ದೂರಕ್ಕೆ ವಿಮಾನದಲ್ಲಿ ಹೋಗಿದ್ದರೆ ಆಗುತ್ತಿದ್ದ ವೆಚ್ಚದಷ್ಟು ಹಣವನ್ನು ಕೈಗೆ ಕೊಡುತ್ತಾರೆ. ಬಸ್ಸು, ರೈಲು, ದೋಣಿ, ಊಟ, ವಸತಿ ಎಲ್ಲವೂ ಅದರಲ್ಲಿಯೇ ಆಗಬೇಕು. ಸಾಲದೆ ಬಂದರೆ ದಾರಿಯಲ್ಲಿ ಯಾರದಾದರೂ ಹೋಟೆಲಿನಲ್ಲಿಯೋ ತೋಟದಲ್ಲಿಯೋ ದುಡಿದು ಸಂಪಾದಿಸಬೇಕು. 2025ರಲ್ಲಿ ಪ್ರಸಾರವಾದ ಐದನೆಯ ಓಟ ಚೀನಾದ ಮಹಾಗೋಡೆಯಿಂದ ಹೊರಟು, ನೇಪಾಳವನ್ನು ಹಾದು, ನಮ್ಮ ದೇಶದ ಉದ್ದಕ್ಕೂ ಇಳಿದು ಕನ್ಯಾಕುಮಾರಿಯಲ್ಲಿ ಮುಗಿಯಿತು. ಹದಿನಾಲ್ಕು ಸಾವಿರ ಕಿಲೋಮೀಟರಿಗೂ ಮಿಕ್ಕ ದಾರಿ. ಐದು ಜೋಡಿಗಳಲ್ಲಿ ಗೆದ್ದವರು ಕ್ಯಾರೊಲಿನ್ ಎಂಬ ಗೃಹಿಣಿ ಮತ್ತು ಆಕೆಯ ಮಗ ಟಾಮ್. ಅವರಿಗೆ ಬಂದ ಬಹುಮಾನ ಇಪ್ಪತ್ತು ಸಾವಿರ ಪೌಂಡು.

ಈ ಓಟದಲ್ಲಿ ಗೆಲುವು ಕಾಲಿನ ಬಲದಿಂದ ಬರುವುದಿಲ್ಲ. ಭಾಷೆ ತಿಳಿಯದ ಊರಿನ ಬಸ್ ನಿಲ್ದಾಣದಲ್ಲಿ ನಿಂತು, ಗುರುತಿಲ್ಲದವನ ಮುಖ ನೋಡಿ, ಇವನನ್ನು ನಂಬಬಹುದೇ ಎಂದು ತೀರ್ಮಾನಿಸಬೇಕು. ಮನೆ ನಡೆಸಿದ ಹೆಂಗಸಿಗೆ ಇದು ಹೊಸ ವಿದ್ಯೆಯೇನಲ್ಲ. ಇದ್ದ ಹಣವನ್ನು ತಿಂಗಳ ಕೊನೆಯವರೆಗೆ ಎಳೆಯುವುದೂ ಹೊಸದಲ್ಲ. ತಾಯಿಯೊಬ್ಬಳು ಇಂಥ ಪಂದ್ಯವನ್ನು ಗೆದ್ದಳೆಂದರೆ ಆಶ್ಚರ್ಯಪಡುವವರು ಅಡಿಗೆಮನೆಯ ಅರ್ಥಶಾಸ್ತ್ರವನ್ನು ಅರಿಯದವರು.

ತಾಯಿ ಮಗನ ಈ ಸಂಗತಿಯನ್ನು ನೋಡಿದಾಗ ನನಗೆ ನೆನಪಾದದ್ದು ನಮ್ಮವರೇ ಆದ ಇನ್ನೊಂದು ಜೋಡಿ. ಅವರು ಯಾವ ಪಂದ್ಯಕ್ಕೂ ಹೆಸರು ಕೊಟ್ಟವರಲ್ಲ. ಅವರನ್ನು ಕಾಯುತ್ತ ಯಾವ ಊರಿನಲ್ಲಿಯೂ ಚಾಪೆ ಹಾಸಿರಲಿಲ್ಲ. ಆದರೂ ಏಷ್ಯಾದ ನಾಲ್ಕು ದೇಶಗಳ ಮಣ್ಣನ್ನು ಒಂದೇ ಸ್ಕೂಟರಿನ ಮೇಲೆ ಮುಟ್ಟಿ ಬಂದರು. ಅವರು ಮೈಸೂರಿನ ಡಿ. ಕೃಷ್ಣಕುಮಾರ್ ಮತ್ತು ಅವರ ತಾಯಿ ಚೂಡಾರತ್ನಮ್ಮ.

ತಂದೆ ದಕ್ಷಿಣಾಮೂರ್ತಿಯವರು 2015ರಲ್ಲಿ ತೀರಿಕೊಂಡರು. ಚೂಡಾರತ್ನಮ್ಮನವರ ಬದುಕೆಲ್ಲ ದೊಡ್ಡದೊಂದು ಅವಿಭಕ್ತ ಕುಟುಂಬದ ಅಡಿಗೆಮನೆಯಲ್ಲಿಯೇ ಸವೆದಿತ್ತು. ಮಗ ಬೆಂಗಳೂರಿನಲ್ಲಿ ಖಾಸಗಿ ಸಂಸ್ಥೆಯ ಉದ್ಯೋಗದಲ್ಲಿದ್ದರು, ಮದುವೆಯಾಗಿರಲಿಲ್ಲ. ಒಂದು ದಿನ ತಾಯಿಯೊಡನೆ ಮಾತನಾಡುತ್ತ, ದೂರದ ಕೆಲವು ಕ್ಷೇತ್ರಗಳನ್ನು ನೋಡಿದ್ದೀರಾ ಎಂದು ಕೇಳಿದರಂತೆ. ಅವುಗಳ ಮಾತಿರಲಿ, ಹತ್ತಿರದ ಬೇಲೂರು ಹಳೇಬೀಡುಗಳನ್ನೇ ತಾನು ಕಂಡಿಲ್ಲವೆಂದು ತಾಯಿ ಹೇಳಿದರಂತೆ. ಈ ಸಂಗತಿಯನ್ನು ಮಗನೇ ಹಲವು ಕಡೆ ಹೇಳಿಕೊಂಡಿದ್ದಾರೆ.

ಹಾಸನ ಜಿಲ್ಲೆಯವನಾದ ನನಗೆ ಈ ಮಾತು ಚುರುಕ್ಕೆಂದು ತಾಗಿತು. ಬೇಲೂರಿನ ಚೆನ್ನಕೇಶವನ ಗುಡಿ 1117ರಲ್ಲಿ ವಿಷ್ಣುವರ್ಧನನ ಕಾಲದಲ್ಲಿ ಪ್ರತಿಷ್ಠೆಯಾದದ್ದು. ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳನ್ನು 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೊ ಸಂಸ್ಥೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ವಿಶ್ವವೆಲ್ಲ ಬಂದು ನೋಡುವ ಆ ಶಿಲಾಬಾಲಿಕೆಯರು ಮೈಸೂರಿನಿಂದ ಮೂರು ನಾಲ್ಕು ಗಂಟೆಗಳ ಹಾದಿಯಲ್ಲಿದ್ದಾರೆ. ಆ ಹಾದಿಯನ್ನು ನಡೆಯಲು ಒಬ್ಬ ತಾಯಿಗೆ ಒಂದು ಆಯುಷ್ಯವೇ ಸಾಲದೆ ಹೋಯಿತು.

ಮಗ ಕೆಲಸವನ್ನು ಬಿಟ್ಟರು. 2018ರ ಜನವರಿ 16ರಂದು ತಾಯಿಯನ್ನು ಹಿಂದೆ ಕೂರಿಸಿಕೊಂಡು ಮೈಸೂರಿನಿಂದ ಹೊರಟರು. ವಾಹನ ತಂದೆ ಕೊಡಿಸಿದ್ದ ಹಳೆಯ ಬಜಾಜ್ ಚೇತಕ್ ಸ್ಕೂಟರು. ಎಡಗೈಯಲ್ಲಿ ಗೇರು ತಿರುಗಿಸುವ, ನಿಂತರೆ ಒಂದು ಪಕ್ಕಕ್ಕೆ ಓರೆಯಾಗಿಸಿ ಕಾಲಲ್ಲಿ ಒದೆಯಬೇಕಾದ ಆ ಸ್ಕೂಟರನ್ನು ನನ್ನ ವಯಸ್ಸಿನವರೆಲ್ಲ ಬಲ್ಲರು; ಅದರ ಮುಂಭಾಗದಲ್ಲಿ ನಿಂತು ಶಾಲೆಗೆ ಹೋದವರು ನಾವು. ತಂದೆಯ ನೆನಪಿನ ವಾಹನವಾದುದರಿಂದ ತಂದೆಯೂ ಸಂಗಡವಿದ್ದಾರೆಂಬುದು ಮಗನ ಭಾವನೆ. ಯಾತ್ರೆಗೆ ಅವರಿಟ್ಟ ಹೆಸರು ‘ಮಾತೃ ಸೇವಾ ಸಂಕಲ್ಪ ಯಾತ್ರೆ’. ತಾವು ದುಡಿದು ಉಳಿಸಿದ ಹಣದಲ್ಲಿಯೇ ಖರ್ಚು. ಮಠ, ಮಂದಿರಗಳಲ್ಲಿ ವಾಸ್ತವ್ಯ. ಭಾರತದ ಉದ್ದಗಲವನ್ನು ಸುತ್ತಿ, ನೇಪಾಳ, ಭೂತಾನ, ಮ್ಯಾನ್ಮಾರ್‌ಗಳನ್ನೂ ಕಂಡರು.

2020ರ ಮಾರ್ಚಿನಲ್ಲಿ ಕೊರೋನಾದ ದಿಗ್ಬಂಧನ ಬಂದಾಗ ಇವರಿಬ್ಬರೂ ಭೂತಾನದ ಗಡಿಯ ಬಳಿ, ಪಶ್ಚಿಮ ಬಂಗಾಳದ ತುದಿಯಲ್ಲಿ ಸಿಕ್ಕಿಬಿದ್ದರು. ತಿಂಗಳಿಗೂ ಮಿಕ್ಕ ಕಾಲ ಅಲ್ಲಿಯೇ ಉಳಿಯಬೇಕಾಯಿತು. ಅನುಮತಿಪತ್ರ ದೊರೆತ ಮೇಲೆ ಎರಡೂವರೆ ಸಾವಿರ ಕಿಲೋಮೀಟರಿಗೂ ಹೆಚ್ಚಿನ ದಾರಿಯನ್ನು ಒಂದು ವಾರದಲ್ಲಿ ಸವೆಸಿ ಮೈಸೂರನ್ನು ಸೇರಿದರು. ಅವರ ಯಾತ್ರೆಯಲ್ಲಿ ಓಟವೆಂದು ಹೇಳಬಹುದಾದದ್ದು ಇದೊಂದೇ. ಅದೂ ಮನೆಯ ಕಡೆಗೆ. 2020ರ ಸೆಪ್ಟೆಂಬರಿನಲ್ಲಿ ಯಾತ್ರೆಯ ಮೊದಲ ಘಟ್ಟ ಮುಗಿದಾಗ ಕ್ರಮಿಸಿದ್ದ ದೂರ 56,522 ಕಿಲೋಮೀಟರು. ಅಷ್ಟರಲ್ಲಿ ಇವರ ಸುದ್ದಿ ದೇಶಕ್ಕೆಲ್ಲ ತಿಳಿದು, ಉದ್ಯಮಿ ಆನಂದ್ ಮಹೀಂದ್ರ ಅವರು ಒಂದು ಕಾರನ್ನೇ ಉಡುಗೊರೆಯಾಗಿ ಕೊಟ್ಟರು. ಆದರೂ 2022ರಲ್ಲಿ ಮತ್ತೆ ಹೊರಟಾಗ ತಾಯಿಮಕ್ಕಳು ಏರಿದ್ದು ಆ ಹಳೆಯ ಚೇತಕ್ಕನ್ನೇ.

ಲೋಕವನ್ನು ಮೊದಲು ಸುತ್ತಿ ಬಂದವನಿಗೆ ಹಣ್ಣೆಂದಾಗ ಷಣ್ಮುಖ ನವಿಲನ್ನೇರಿ ಹೊರಟ, ಗಣಪತಿ ತಂದೆತಾಯಿಗಳಿಗೆ ಪ್ರದಕ್ಷಿಣೆ ಬಂದ ಎಂಬ ಕಥೆಯನ್ನು ನಮ್ಮ ಮಕ್ಕಳೆಲ್ಲ ಬಲ್ಲರು. ಮೈಸೂರಿನ ಈ ಮಹಾಶಯರು ತಾಯಿಯನ್ನೇ ನವಿಲಿನ ಬೆನ್ನ ಮೇಲೆ ಕೂರಿಸಿಕೊಂಡು, ಎರಡೂ ಕೆಲಸಗಳನ್ನು ಒಟ್ಟಿಗೆ ಮಾಡಿಬಿಟ್ಟರು!

ಇಷ್ಟು ಮೆಚ್ಚಿ ಬರೆದರೂ ನನ್ನ ಮನಸ್ಸಿನ ಒಂದು ಮೂಲೆಯಲ್ಲಿ ಅಳುಕಿದೆ, ಅದನ್ನು ಬಚ್ಚಿಡಲಾರೆ. ಕೃಷ್ಣಕುಮಾರರನ್ನು ಪತ್ರಿಕೆಗಳು ಆಧುನಿಕ ಶ್ರವಣಕುಮಾರನೆಂದು ಕರೆದವು. ಆ ಬಿರುದನ್ನು ಓದಿದ ಗಂಡುಮಕ್ಕಳು, ನಾನೂ ಸೇರಿದಂತೆ, ಎರಡು ದಿನ ಕಣ್ಣು ಒದ್ದೆ ಮಾಡಿಕೊಂಡು ಮೂರನೆಯ ದಿನ ಮರೆತೆವು. ಕೆಲಸ ಬಿಡುವ ಅನುಕೂಲ ಎಲ್ಲರಿಗೂ ಇಲ್ಲ, ಸಂಸಾರದ ಹೊರೆಯುಂಟು, ಎಂಬ ಸಮಾಧಾನ ನಮಗೆ ಸುಲಭವಾಗಿ ದೊರೆಯುತ್ತದೆ. ಆದರೆ ಆ ತಾಯಿ ಮೊದಲು ಹೇಳಿದ್ದು ಬೇಲೂರಿನ ಹೆಸರನ್ನು. ಬೇಲೂರಿಗೆ ಹೋಗಲು ಯಾರೂ ಕೆಲಸ ಬಿಡಬೇಕಾಗಿಲ್ಲ. ಒಂದು ಭಾನುವಾರ ಸಾಕು.

ಇನ್ನೊಂದು ಮಾತು. ತಾಯಂದಿರು ಹೊರಡಬೇಕಾದರೆ ಮಗನೇ ಕರೆದೊಯ್ಯಬೇಕೆಂಬುದು ಎಲ್ಲಿಯ ಕಟ್ಟಳೆ? 2023ರ ಜೂನ್ 11ರಂದು ನಮ್ಮ ರಾಜ್ಯದಲ್ಲಿ ‘ಶಕ್ತಿ’ ಯೋಜನೆ ಆರಂಭವಾಯಿತು. ಸರ್ಕಾರಿ ಸಂಸ್ಥೆಗಳ ಸಾಮಾನ್ಯ ಬಸ್ಸುಗಳಲ್ಲಿ ಕರ್ನಾಟಕದ ಹೆಂಗಸರು ರಾಜ್ಯದೊಳಗೆ ಎಲ್ಲಿಗಾದರೂ ಹಣ ಕೊಡದೆ ಹೋಗಬಹುದೆಂದಾಯಿತು. ಆ ತಿಂಗಳು ಹಿರೀಸಾವೆಯನ್ನು ಹಾದುಹೋದ ಧರ್ಮಸ್ಥಳದ ಬಸ್ಸುಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಿಟಕಿ ಕಿಟಕಿಯಲ್ಲಿಯೂ ಹೂ ಮುಡಿದ ತಲೆಗಳು. ಅತ್ತೆ ಸೊಸೆ, ಅಕ್ಕ ತಂಗಿ, ನೆರೆಮನೆಯ ಇಬ್ಬರು ಗೆಳತಿಯರು. ಪಟ್ಟಣಗಳಲ್ಲಿ ಕೆಲವರು ಆ ನೂಕುನುಗ್ಗಲನ್ನು ನೋಡಿ ನಕ್ಕರು. ನಾನೂ ಅಧ್ಯಾಪಕರ ಕೊಠಡಿಯಲ್ಲಿ ಒಂದೆರಡು ನಗೆಮಾತು ಆಡಿದವನೇ. ಈ ಹೆಂಗಸರು ಅಷ್ಟು ವರ್ಷ ಎಲ್ಲಿದ್ದರೆಂಬ ಪ್ರಶ್ನೆ ಮಾತ್ರ ನನಗೆ ಆಗ ಹೊಳೆಯಲಿಲ್ಲ.

ನಮ್ಮ ಮನೆಯ ಮಾತಿಗೆ ಬರುತ್ತೇನೆ. ಮೈಸೂರಿನ ತಾಯಿಮಕ್ಕಳ ಕಥೆಯನ್ನು ಊಟದ ಹೊತ್ತಿನಲ್ಲಿ ವಿವರವಾಗಿ ಹೇಳಿ, ಕೊನೆಗೆ ಸ್ವಲ್ಪ ಜಂಬದಿಂದಲೇ ಅಮ್ಮನನ್ನು ಕೇಳಿದೆ: ನಿಮ್ಮನ್ನೂ ಇಂಥ ಇಬ್ಬರ ಪಂದ್ಯಕ್ಕೆ ಕರೆದರೆ ಯಾರನ್ನು ಜೊತೆಗೆ ಕರೆದುಕೊಳ್ಳುತ್ತೀರಿ? ಉತ್ತರ ಏನು ಬರುವುದೆಂದು ನನಗೆ ಗೊತ್ತಿದೆಯೆಂದೇ ಎಣಿಸಿದ್ದೆ. ಅವರು ಮಜ್ಜಿಗೆಯನ್ನು ಬಡಿಸುತ್ತ, “ನಿನ್ನ ಜೊತೆ ಬಂದ್ರೆ ಬರೀ ಶಾಸನ ಓದಿಸ್ತೀಯ. ಹೊಳೆನರಸೀಪುರದಿಂದ ಚಿಕ್ಕಿನ ಕರೆಸು, ನಾವಿಬ್ಬರು ಹೋಗ್ತೀವಿ” ಎಂದರು. ಅಡಿಗೆಮನೆಯ ಬಾಗಿಲಲ್ಲಿ ನನ್ನ ಹೆಂಡತಿ ನಕ್ಕದ್ದು ಕೇಳಿಸಿತು.

ಅಮ್ಮನೂ ಬೇಲೂರನ್ನು ಕಂಡಿರಲಿಲ್ಲ. ಹಿರೀಸಾವೆಯಿಂದ ಬೇಲೂರು ನೂರು ಕಿಲೋಮೀಟರಿಗೆ ಹತ್ತಿರ. ಹತ್ತು ವರ್ಷಗಳಿಂದ ವಿದ್ಯಾರ್ಥಿಗಳಿಗೆ ಹೊಯ್ಸಳರ ಕಾಲದ ಕಾವ್ಯವನ್ನು ಪಾಠ ಹೇಳುತ್ತಿರುವ ನಾನು ಮೂರು ಸಲ ಪ್ರವಾಸದ ಬಸ್ಸಿನಲ್ಲಿ ಅಲ್ಲಿಗೆ ಹೋಗಿ ಬಂದಿದ್ದೇನೆ. ಮೂರು ಸಲವೂ ಬಸ್ಸಿನಲ್ಲಿ ಒಂದೆರಡು ಜಾಗ ಖಾಲಿಯಿತ್ತು.

ಮುಂದಿನ ಶುಕ್ರವಾರ ಬೆಳಿಗ್ಗೆ ಅಮ್ಮನನ್ನು ಹಾಸನದ ಬಸ್ಸಿಗೆ ಹತ್ತಿಸಿದೆ. ಚೀಲದಲ್ಲಿ ಚಿತ್ರಾನ್ನದ ಡಬ್ಬಿ, ಆಧಾರ್ ಕಾರ್ಡು, ಒಂದು ಜೊತೆ ಸೀರೆ. ಕಿಟಕಿಯ ಪಕ್ಕದ ಜಾಗ ದೊರೆಯುವ ತನಕ ಅವರು ನನ್ನ ಕಡೆಗೆ ತಿರುಗಿಯೂ ನೋಡಲಿಲ್ಲ. ಹಾಸನದ ನಿಲ್ದಾಣದಲ್ಲಿ ಚಿಕ್ಕಮ್ಮ ಕಾದಿದ್ದರು. ಅದೇ ಸಂಜೆ ಹಿಂದಿರುಗುವೆವೆಂದು ಹೇಳಿ ಹೋದವರು ಮರುದಿನ ಮಧ್ಯಾಹ್ನ ಬಂದರು. ಬೇಲೂರು ನೋಡಿ, ಹಳೇಬೀಡು ನೋಡಿ, ಕೊನೆಯ ಬಸ್ಸು ತಪ್ಪಿ, ಬಸ್ಸಿನಲ್ಲಿಯೇ ಪರಿಚಯವಾಗಿದ್ದ ಒಬ್ಬ ಶಿಕ್ಷಕಿಯ ಮನೆಯಲ್ಲಿ ರಾತ್ರಿ ತಂಗಿದರಂತೆ. ಆ ಬಸ್ಸು ತಪ್ಪಿದ್ದು ಯಾರಿಂದ ಎಂಬ ವಿಷಯದಲ್ಲಿ ಮಾತ್ರ ಅಕ್ಕತಂಗಿಯರಿಗೆ ಇಂದಿಗೂ ಒಮ್ಮತವಿಲ್ಲ. ಗುಡಿಯ ಹಿಂಭಾಗದ ಕೆತ್ತನೆಯಲ್ಲಿ ಆನೆಗಳನ್ನು ಎಣಿಸುತ್ತ ಕುಳಿತವರು ಅಕ್ಕ ಎಂದು ಚಿಕ್ಕಮ್ಮನೂ, ಬಳೆ ಅಂಗಡಿಯಿಂದ ಏಳದವಳು ತಂಗಿ ಎಂದು ಅಮ್ಮನೂ ಫೋನಿನಲ್ಲಿ ಈಗಲೂ ವಾದಿಸುತ್ತಿರುತ್ತಾರೆ. ಬರುವ ತಿಂಗಳು ಹೊರನಾಡಿಗೆ ಹೋಗುವುದೆಂದು ನಿಶ್ಚಯವಾಗಿದೆ.