ಕೈಗಳು ನುಡಿಯುವ ಪ್ರಾರ್ಥನೆ

“ಕಿವುಡನ ಮುಂದೆ ಶಂಖ ಊದಿದಂತೆ” ಎಂಬ ಗಾದೆಯು ನಮ್ಮಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ವ್ಯರ್ಥವಾದ ಪ್ರಯತ್ನವನ್ನು ಕಂಡಾಗಲೆಲ್ಲ ನಾವು ಈ ಮಾತನ್ನು ಆಡುತ್ತೇವೆ. ಊದಿದವನ ಶ್ರಮವನ್ನು ನೆನೆದು ಮರುಗುವ ನಾವು, ಎದುರಿಗೆ ಕುಳಿತವನ ಮನಸ್ಸಿನಲ್ಲಿ ಏನಿದ್ದೀತೆಂದು ಎಂದಾದರೂ ವಿಚಾರಿಸಿದ್ದೇವೆಯೆ?

ಮನೆಯಲ್ಲಿ ಹಿರಿಯರೊಬ್ಬರು ತೀರಿಕೊಂಡರೆನ್ನೋಣ. ಬಂಧುಗಳು ಸೇರಿದ್ದಾರೆ, ಒಬ್ಬರನ್ನೊಬ್ಬರು ಸಂತೈಸುತ್ತಿದ್ದಾರೆ. ಕಿವಿ ಕೇಳದ ಬಾಲಕನೊಬ್ಬನು ಕಂಬದ ಮರೆಯಲ್ಲಿ ನಿಂತು ಎಲ್ಲರ ಮುಖವನ್ನೂ ನೋಡುತ್ತಾನೆ. ಅಳುವುದು ಅವನಿಗೆ ಕಾಣುತ್ತದೆ. ಅಳುವಿನ ಕಾರಣವನ್ನು ತಿಳಿಸುವವರು ಯಾರೂ ಇಲ್ಲ. ಅಜ್ಜನು ಎಲ್ಲಿಗೆ ಹೋದನು, ಮರಳಿ ಬರುವನೋ ಇಲ್ಲವೋ ಎಂದು ಕೇಳುವುದಕ್ಕೆ ಅವನಲ್ಲಿ ಮಾತಿಲ್ಲ. ಅನ್ನಬಟ್ಟೆಗಳಿಗೆ ಅವನಿಗೆ ಯಾರೂ ಕೊರತೆ ಮಾಡಿಲ್ಲ. ಸಮಾಧಾನದ ನುಡಿಯೊಂದು ಮಾತ್ರ ಅವನ ಪಾಲಿಗೆ ಬಂದಿಲ್ಲ.

ಈ ಕೊರತೆಯನ್ನು ತುಂಬುವುದಕ್ಕಾಗಿ ಕ್ರೈಸ್ತ ಸಭೆಯಲ್ಲಿ ಕೆಲವರು ಕೈಕೊಂಡ ಕೆಲಸದ ಕಥೆಯನ್ನು ಈ ತಿಂಗಳು ನಮ್ಮ ವಾಚಕರ ಮುಂದೆ ಇಡುತ್ತಿದ್ದೇವೆ. ವಾಚಕರಲ್ಲಿ ಅನೇಕರು ಬೇರೆ ಮತದವರೆಂಬುದನ್ನು ನಾವು ಬಲ್ಲೆವು. ಆದರೆ ಗೃಹಸ್ಥರಾದವರೆಲ್ಲರೂ ಮನಸ್ಸಿಗೆ ತಂದುಕೊಳ್ಳಬೇಕಾದ ವಿಚಾರವೊಂದು ಈ ಕಥೆಯಲ್ಲಿದೆ.

ನಂಬಿಕೆಯು ಕೇಳುವುದರಿಂದ ಹುಟ್ಟುವುದೆಂಬ ಅಭಿಪ್ರಾಯವು ಸಂತ ಪೌಲನ ಪತ್ರವೊಂದರಲ್ಲಿ ಬರುತ್ತದೆ. ಅದನ್ನು ಅಕ್ಷರಶಃ ಹಿಡಿದ ಕೆಲವರು, ಕಿವಿ ಕೇಳದವನಿಗೆ ಧರ್ಮೋಪದೇಶವು ದುರ್ಲಭವೆಂದು ಭಾವಿಸಿದರು. ಆದರೆ ಮಾರ್ಕನ ಸುವಾರ್ತೆಯಲ್ಲಿ ಇದಕ್ಕೆ ಬೇರೊಂದು ಮುಖವಿದೆ. ಅಲ್ಲಿ ಯೇಸುವು ಕಿವುಡನೊಬ್ಬನನ್ನು ಗುಂಪಿನಿಂದ ಪ್ರತ್ಯೇಕವಾಗಿ ಕರೆದೊಯ್ದು, ಅವನ ಕಿವಿಗಳಲ್ಲಿ ಬೆರಳಿಟ್ಟು, ನಾಲಿಗೆಯನ್ನು ಮುಟ್ಟಿ, ಆಕಾಶದ ಕಡೆಗೆ ನೋಡಿ, ಆಮೇಲೆ ಮಾತನ್ನಾಡುತ್ತಾನೆ. ಕಿವಿಗೆ ಹೇಳುವುದಕ್ಕೆ ಮೊದಲು ಕಣ್ಣಿಗೂ ಮೈಗೂ ತಿಳಿಯುವಂತೆ ಹೇಳಿದನೆಂಬುದನ್ನು ಕಿವುಡರ ನಡುವೆ ಕೆಲಸ ಮಾಡುವ ಗುರುಗಳು ಇಂದಿಗೂ ನೆನೆಯುತ್ತಾರೆ.

ಕಣ್ಣಿಗೆ ತಿಳಿಯುವಂತೆ ಆಡಿದ ಮಾತನ್ನು ಸಭೆಯು ಒಪ್ಪಿಕೊಂಡುದಕ್ಕೆ ಇಂಗ್ಲೆಂಡಿನ ಲೆಸ್ಟರ್ ನಗರದ ದೇವಾಲಯವೊಂದರ ದಾಖಲೆಯು ಸಾಕ್ಷಿಯಾಗಿದೆ. 1576ರಲ್ಲಿ ಅಲ್ಲಿ ತಾಮಸ್ ಟಿಲ್ಸಿ ಎಂಬ ವರನಿಗೂ ಅರ್ಸುಲಾ ರಸೆಲ್ ಎಂಬ ಕನ್ಯೆಗೂ ವಿವಾಹವಾಯಿತು. ವರನು ಹುಟ್ಟುಕಿವುಡ, ಬಾಯಿಯಿಂದ ಪ್ರತಿಜ್ಞೆಯನ್ನು ಹೇಳಲಾರ. ಅವನು ವಧುವನ್ನು ತೋಳಿನಿಂದ ತಬ್ಬಿ, ಕೈಹಿಡಿದು, ಬೆರಳಿಗೆ ಉಂಗುರವಿಟ್ಟು, ತನ್ನ ಎದೆಯ ಮೇಲೆ ಕೈಯಿರಿಸಿ, ಎರಡು ಕೈಗಳನ್ನೂ ಮೇಲಕ್ಕೆತ್ತಿದನು. ಮರಣದವರೆಗೆ ಜೊತೆಯಲ್ಲಿರುವೆನೆಂಬುದನ್ನು ತಿಳಿಸಲು ಕೈಗಳಿಂದ ಕಣ್ಣು ಮುಚ್ಚಿಕೊಂಡನು. ಗುಂಡಿ ತೋಡುವಂತೆ ಕಾಲಿನಿಂದ ನೆಲವನ್ನು ಕೆದಕಿದನು. ಸಾವಿನ ಗಂಟೆಯ ಹಗ್ಗವನ್ನು ಎಳೆಯುವಂತೆ ಕೈಯಾಡಿಸಿದನು. ಬಾಯಿಂದ ಹೊರಟ ಪ್ರತಿಜ್ಞೆಯು ಇದಕ್ಕಿಂತ ಸ್ಪಷ್ಟವಾಗಿ ಇರಬಲ್ಲುದೆ?

ಇದಾದ ಮೇಲೆ ಇನ್ನೂರು ವರ್ಷಗಳಿಗೆ ಸಮೀಪವಾಗಿ, 1760ರ ಸುಮಾರಿಗೆ, ಪ್ಯಾರಿಸ್ ನಗರದಲ್ಲಿ ದ ಲೆಪೇ ಎಂಬ ಪಾದ್ರಿಗಳು ಒಂದು ಮನೆಗೆ ಹೋಗಬೇಕಾಯಿತು. ಅಲ್ಲಿ ಕಿವುಡರಾದ ಅಕ್ಕತಂಗಿಯರಿಬ್ಬರಿದ್ದರು. ಚಿತ್ರಗಳನ್ನು ತೋರಿಸಿ ಅವರಿಗೆ ಪಾಠ ಹೇಳುತ್ತಿದ್ದ ಗುರುವು ತೀರಿಕೊಂಡಿದ್ದನು. ಈ ಮಕ್ಕಳು ದೇವರನ್ನರಿಯದೆಯೇ ಬಾಳಿ ಸಾಯುವರಲ್ಲಾ ಎಂದು ಆ ಪಾದ್ರಿಗಳು ಮರುಗಿದರು. ಮರುಗಿ ಸುಮ್ಮನಿರದೆ ಕಿವುಡರ ಕೈಸನ್ನೆಗಳನ್ನು ತಾವೇ ಕಲಿಯತೊಡಗಿದರು. ಬಡವರ ಮಕ್ಕಳಿಗೆ ಶುಲ್ಕವಿಲ್ಲದ ಶಾಲೆಯನ್ನು ತೆರೆದರು. ಗುರುವು ಶಿಷ್ಯರ ಭಾಷೆಯನ್ನು ಕಲಿಯಬೇಕೆಂಬುದೇ ಅವರು ಹಾಕಿಕೊಟ್ಟ ದಾರಿ. 1789ರಲ್ಲಿ ಅವರು ಕಾಲವಾದರೂ ಆ ದಾರಿಯು ಮುಚ್ಚಲಿಲ್ಲ.

ಅದು ಅಮೆರಿಕಕ್ಕೂ ಹಬ್ಬಿತು. 1817ರಲ್ಲಿ ಹಾರ್ಟ್‌ಫರ್ಡ್ ನಗರದಲ್ಲಿ ತಾಮಸ್ ಹಾಪ್‌ಕಿನ್ಸ್ ಗ್ಯಾಲೊಡೆಟ್ ಎಂಬವರು, ಪ್ಯಾರಿಸಿನ ಶಾಲೆಯಿಂದ ಬಂದ ಕಿವುಡ ಉಪಾಧ್ಯಾಯ ಲಾರಾಂ ಕ್ಲೆರ್ಕ್ ಅವರೊಡನೆ ಸೇರಿ ಶಾಲೆಯನ್ನು ಸ್ಥಾಪಿಸಿದರು. ಆ ಶಾಲೆಯ ವಿದ್ಯಾರ್ಥಿನಿಯಾಗಿದ್ದ ಸೋಫಿಯಾ ಫೌಲರ್ ಅವರ ಪತ್ನಿಯಾದರು. ಈ ದಂಪತಿಗಳ ಹಿರಿಯ ಮಗ, ತಂದೆಯ ಹೆಸರನ್ನೇ ಪಡೆದ ತಾಮಸ್, 1822ರಲ್ಲಿ ಜನಿಸಿದರು. ತಾಯಿಗೆ ಕಿವಿ ಕೇಳದಿದ್ದುದರಿಂದ ಮಗನಿಗೆ ಕೈಸನ್ನೆಯೇ ಮಾತೃಭಾಷೆ. ಮುಂದೆ ಅವರು ಕೈಹಿಡಿದ ಪತ್ನಿಗೂ ಕಿವಿ ಕೇಳುತ್ತಿರಲಿಲ್ಲ.

ತರುಣ ಗ್ಯಾಲೊಡೆಟ್ಟರು ನ್ಯೂಯಾರ್ಕಿನ ಕಿವುಡರ ಶಾಲೆಯಲ್ಲಿ ಉಪಾಧ್ಯಾಯರಾಗಿದ್ದರು. ಶಾಲೆ ಬಿಟ್ಟ ಮೇಲೆ ಈ ವಿದ್ಯಾರ್ಥಿಗಳ ಗತಿಯೇನೆಂಬ ಚಿಂತೆಯು ಅವರನ್ನು ಬಾಧಿಸತೊಡಗಿತು. ನಗರದಲ್ಲಿ ಎಷ್ಟೋ ದೇವಾಲಯಗಳಿದ್ದರೂ ಕಿವುಡನಿಗೆ ಅವೆಲ್ಲವೂ ತುಟಿಗಳು ಅಲುಗುವ ಮೌನಮಂದಿರಗಳೇ. ಮರಣಶಯ್ಯೆಯಲ್ಲಿದ್ದ ಕಿವುಡ ಯುವತಿಯೊಬ್ಬಳ ಬಳಿ ಕುಳಿತು ಅವಳ ಭಾಷೆಯಲ್ಲಿ ಅವಳನ್ನು ಸಂತೈಸಿದ ಅನುಭವವು ಅವರ ಸಂಕಲ್ಪವನ್ನು ದೃಢಪಡಿಸಿತು. 1851ರಲ್ಲಿ ಯಾಜಕದೀಕ್ಷೆಯನ್ನು ಪಡೆದು, ಮರುವರ್ಷ ಕಿವುಡರಿಗಾಗಿ ಸಂತ ಆನ್ನಳ ಹೆಸರಿನ ಸಭೆಯೊಂದನ್ನು ಪ್ರಾರಂಭಿಸಿದರು. ಮೊದಲು ಸ್ವಂತ ಕಟ್ಟಡವಿರಲಿಲ್ಲ. ವಿಶ್ವವಿದ್ಯಾಲಯದ ಚಿಕ್ಕ ಪ್ರಾರ್ಥನಾಮಂದಿರದಲ್ಲಿ ಆರಾಧನೆ ನಡೆಯಿತು. 1902ರಲ್ಲಿ ತೀರಿಕೊಳ್ಳುವವರೆಗೂ ಅವರು ಈ ಕೆಲಸವನ್ನು ಬಿಡಲಿಲ್ಲ.

ಇಂತಹ ಆರಾಧನೆಯು ಹೇಗಿರುವುದೆಂದು ವಾಚಕರಿಗೆ ಕುತೂಹಲವಾಗುವುದು ಸಹಜ. ನಾವು ಕಣ್ಣು ಮುಚ್ಚಿ ಧ್ಯಾನ ಮಾಡುತ್ತೇವೆ. ಕಿವುಡರ ಸಭೆಯಲ್ಲಿ ಕಣ್ಣು ಮುಚ್ಚಿದರೆ ಪ್ರಾರ್ಥನೆಯೇ ನಿಂತಂತೆ. ಆದುದರಿಂದ ಎಲ್ಲರೂ ಕಣ್ತೆರೆದು ಪ್ರಾರ್ಥಿಸುತ್ತಾರೆ. ಗುರುವಿನ ಮುಖದ ಮೇಲೂ ಕೈಗಳ ಮೇಲೂ ಚೆನ್ನಾಗಿ ಬೆಳಕು ಬೀಳಬೇಕು. ಬೆನ್ನು ತಿರುಗಿಸಿ ಆಡಿದ ಮಾತು ಯಾರಿಗೂ ಮುಟ್ಟದು. ಲಂಡನ್ನಿನ ಆಕ್ಸ್‌ಫರ್ಡ್ ಬೀದಿಯಲ್ಲಿ ಕಿವುಡರಿಗೆಂದೇ ಕಟ್ಟಿದ ಸಂತ ಸೇವಿಯರ್ ದೇವಾಲಯವು 1873ರಲ್ಲಿ ತೆರೆಯಿತು. ಅದರ ಸ್ಥಾನದಲ್ಲಿ ಆಕ್ಟನ್ ಎಂಬಲ್ಲಿ 1925ರಲ್ಲಿ ಬೇರೊಂದು ದೇವಾಲಯವಾಯಿತು. ಹಿಂದೆ ಕುಳಿತವರಿಗೂ ಮುಂದೆ ನಡೆಯುವುದು ಕಾಣಬೇಕೆಂಬುದೇ ಇಂತಹ ಕಟ್ಟಡಗಳ ಮುಖ್ಯ ನಿಯಮ.

ಆದರೆ ಗುರುವು ಕಿವುಡರ ಭಾಷೆಯನ್ನು ಕಲಿತ ಮಾತ್ರಕ್ಕೆ ಕೆಲಸವು ಪೂರ್ಣವಾಯಿತೆ? ಕಿವುಡನು ಎಂದಿಗೂ ಕೇಳುವವನಾಗಿಯೇ ಇರಬೇಕೆ, ಹೇಳುವವನಾಗಬಾರದೆ? ಈ ಪ್ರಶ್ನೆಯನ್ನು ಎತ್ತಿದವರು ಹೆನ್ರಿ ವಿಂಟರ್ ಸೈಲ್. 1846ರಲ್ಲಿ ಚೀನಾದ ಶಾಂಘಾಯಿಯಲ್ಲಿ ಹುಟ್ಟಿದ ಇವರು ಎಳವೆಯಲ್ಲಿಯೇ ಜ್ವರದಿಂದ ಶ್ರವಣಶಕ್ತಿಯನ್ನು ಕಳೆದುಕೊಂಡರು. ವಿದ್ಯೆಯಲ್ಲಿ ಯಾರಿಗೂ ಕಡಮೆಯಿರಲಿಲ್ಲ. ಯಾಜಕನಾಗಬೇಕೆಂಬ ಅವರ ಹಂಬಲಕ್ಕೆ ಗ್ಯಾಲೊಡೆಟ್ಟರು ಬೆಂಬಲವಾಗಿ ನಿಂತರು. ಕಿವುಡನಿಗೆ ದೀಕ್ಷೆ ಸಲ್ಲದೆಂದು ಆಕ್ಷೇಪಿಸಿದವರೂ ಇದ್ದರು. ಆದರೂ 1876ರಲ್ಲಿ ಡೀಕನ್ ಪದವಿಯೂ, 1883ರಲ್ಲಿ ಯಾಜಕದೀಕ್ಷೆಯೂ ದೊರೆತುವು. ಅಮೆರಿಕದ ಎಪಿಸ್ಕೋಪಲ್ ಸಭೆಯಲ್ಲಿ ಆ ಪದವಿಗೇರಿದ ಮೊದಲ ಕಿವುಡರು ಇವರೇ. ಫಿಲಡೆಲ್ಫಿಯಾ ನಗರದಲ್ಲಿ ಕಿವುಡರಿಗಾಗಿ ದೇವಾಲಯವನ್ನು ಕಟ್ಟಿಸಿ, 1890ರಲ್ಲಿ, ಇನ್ನೂ ನಡುವಯಸ್ಸಿನಲ್ಲಿರುವಾಗಲೇ ತೀರಿಕೊಂಡರು. ಆ ಸಭೆಯವರು ಗ್ಯಾಲೊಡೆಟ್ ಮತ್ತು ಸೈಲ್ ಇಬ್ಬರನ್ನೂ ಆಗಸ್ಟ್ 27ರಂದು ಒಟ್ಟಿಗೆ ಸ್ಮರಿಸುತ್ತಾರೆ.

ಈ ನಡುವೆ ಒಂದು ವಿಪತ್ತು ಒದಗಿತ್ತು. 1880ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಕೂಡಿದ ಉಪಾಧ್ಯಾಯರ ಸಮ್ಮೇಳನವು, ಕಿವುಡ ಮಕ್ಕಳಿಗೆ ಬಾಯಿಮಾತನ್ನೇ ಕಲಿಸಬೇಕು, ಕೈಸನ್ನೆ ಕೂಡದು ಎಂದು ನಿರ್ಣಯಿಸಿತು. ನಿರ್ಣಯ ಮಾಡಿದವರು ಬಹುತೇಕ ಎಲ್ಲರೂ ಕಿವಿ ಕೇಳುವವರೇ. ಅನೇಕ ದೇಶಗಳ ಶಾಲೆಗಳಿಂದ ಸನ್ನೆಭಾಷೆಯು ಹೊರದೂಡಲ್ಪಟ್ಟಿತು. ಇಂಗ್ಲೆಂಡಿನಲ್ಲಿ ಶಾಲೆಯಲ್ಲಿ ಎಡೆ ತಪ್ಪಿದ ಆ ಭಾಷೆಗೆ ಭಾನುವಾರದ ಆರಾಧನೆಯಲ್ಲಿಯೂ ಕಿವುಡರ ಮಿಷನ್ನುಗಳಲ್ಲಿಯೂ ಆಶ್ರಯ ದೊರೆಯಿತು. ಅಲ್ಲಿಯ ಮಿಷನರಿಗಳು ಉಪದೇಶವಷ್ಟನ್ನೇ ಮಾಡಲಿಲ್ಲ. ಕಿವುಡರಿಗೆ ಉದ್ಯೋಗವನ್ನು ಹುಡುಕಿಕೊಟ್ಟರು, ವೈದ್ಯರ ಬಳಿಗೂ ನ್ಯಾಯಾಲಯಕ್ಕೂ ಜೊತೆಯಲ್ಲಿ ಹೋಗಿ ದುಭಾಷಿಗಳಾದರು. ಮಿಲಾನಿನ ನಿರ್ಣಯಗಳನ್ನು ಅದೇ ಸಮ್ಮೇಳನದ ಉತ್ತರಾಧಿಕಾರಿಗಳು 2010ರಲ್ಲಿ ವ್ಯಾಂಕೂವರ್ ನಗರದಲ್ಲಿ ತಳ್ಳಿಹಾಕಿ ವಿಷಾದವನ್ನು ವ್ಯಕ್ತಪಡಿಸಿದರು.

ಇಷ್ಟನ್ನು ಹೇಳಿ, ಕೆಲಸದಲ್ಲಿದ್ದ ಲೋಪವನ್ನು ಮರೆಮಾಚಿದರೆ ವಾಚಕರಿಗೆ ಅನ್ಯಾಯ ಮಾಡಿದಂತಾದೀತು. ಮಾತಿಗೂ ಉದ್ಯೋಗಕ್ಕೂ ವ್ಯವಹಾರಕ್ಕೂ ಮಿಷನರಿಯೊಬ್ಬನೇ ಗತಿಯೆಂದಾದಾಗ, ಪ್ರಾಯಕ್ಕೆ ಬಂದವರನ್ನೂ ಮಕ್ಕಳಂತೆ ನಡೆಸಿಕೊಳ್ಳುವ ಅಭ್ಯಾಸವು ಬೆಳೆಯಿತು. ದಯೆಯು ಅಧಿಕಾರವಾಗುವುದಕ್ಕೆ ಬಹಳ ಕಾಲ ಬೇಡ. ಕಿವುಡರನ್ನು ‘ಮೂಗರು’ ಎಂದು ಕರೆದುದೂ ಇಂತಹ ತಪ್ಪೇ. ಅವರಿಗೆ ಭಾಷೆಯಿದೆ, ಅದನ್ನು ಅರಿಯದವರು ನಾವು. ಆ ಹೆಸರನ್ನು ಈಗ ಬಿಡುತ್ತಿರುವುದು ಯೋಗ್ಯವೇ ಸರಿ.

ತಮ್ಮವರೇ ಗುರುವಾಗುವುದು ಏಕೆ ಮುಖ್ಯವೆಂಬುದಕ್ಕೆ ಪಾಪನಿವೇದನೆಯ ಸಂಸ್ಕಾರವನ್ನು ನೋಡಿರಿ. ಕ್ಯಾಥೊಲಿಕ್ ಸಭೆಯ ನಿಯಮದಂತೆ ಭಕ್ತನು ದುಭಾಷಿಯ ಮೂಲಕವೂ ನಿವೇದಿಸಿಕೊಳ್ಳಬಹುದು. ದುಭಾಷಿಯೂ ಗುಟ್ಟನ್ನು ಕಾಯಲು ಬದ್ಧನು. ಆದರೂ ಹೃದಯದ ಅತ್ಯಂತ ನೋವಿನ ಮಾತನ್ನು ಮೂರನೆಯವರ ಎದುರಿನಲ್ಲಿ ಬಿಚ್ಚಿಡುವುದು ಯಾರಿಗೆ ಸುಲಭ? ಅದೇ ಮಾತನ್ನು ಅದೇ ಭಾಷೆಯ ಗುರುವಿನ ಮುಂದೆ ಹೇಳಿಕೊಳ್ಳುವಾಗ ಆ ಸಂಕೋಚಕ್ಕೆ ಎಡೆಯಿಲ್ಲ.

ಭಾರತದಲ್ಲಿಯೂ ಈ ಕೆಲಸವು ಹೊಸದಲ್ಲ. ತಮಿಳುನಾಡಿನ ಪಾಳಯಂಕೋಟೆಯಲ್ಲಿ ಫ್ಲಾರೆನ್ಸ್ ಸ್ವೇನ್‌ಸನ್ ಎಂಬ ಮಿಷನರಿ ಮಹಿಳೆಯು 19ನೆಯ ಶತಮಾನದ ಕೊನೆಯಲ್ಲಿಯೇ ಕಿವುಡ ಮಕ್ಕಳ ಶಿಕ್ಷಣಕ್ಕೆ ಕೈಹಾಕಿದ್ದರು. 2024ರ ಮೇ ತಿಂಗಳಿನಲ್ಲಿ ಕೇರಳದ ತ್ರಿಶೂರಿನಲ್ಲಿ, ಶ್ರವಣಶಕ್ತಿಯಿಲ್ಲದ ಜೋಸೆಫ್ ತೇರ್ಮಠಂ ಎಂಬವರು ಕ್ಯಾಥೊಲಿಕ್ ಯಾಜಕದೀಕ್ಷೆಯನ್ನು ಪಡೆದರು. ಮಕ್ಕಳಿಗೆ ಪಾಠ ಹೇಳುವುದರಿಂದ ಪೂಜಾವೇದಿಕೆಯ ಮೇಲೆ ಅವರಲ್ಲೊಬ್ಬರು ನಿಲ್ಲುವವರೆಗೆ ಒಂದು ಶತಮಾನಕ್ಕಿಂತ ಹೆಚ್ಚು ಕಾಲ ಹಿಡಿಯಿತು.

ಕಂಬದ ಮರೆಯಲ್ಲಿ ನಿಂತ ಆ ಬಾಲಕನನ್ನು ಈಗ ಮತ್ತೊಮ್ಮೆ ನೆನೆಯೋಣ. ಗುರುಗಳು ಬರುವವರೆಗೆ ಅವನು ಕಾಯಬೇಕಾಗಿಲ್ಲ. ಮನೆಯ ತಾಯಿಯೂ ತಂದೆಯೂ ಅಕ್ಕತಮ್ಮಂದಿರೂ ಅವನ ಕೈಮಾತನ್ನು ಕಲಿತರೆ ಮೊದಲ ಸಾಂತ್ವನವು ಮನೆಯಲ್ಲಿಯೇ ದೊರೆಯುವುದು. ಅವನು ನಮ್ಮ ಮಾತನ್ನು ಕಲಿಯಲೆಂದು ವರ್ಷಗಟ್ಟಲೆ ಹಟ ಹಿಡಿಯುವ ನಾವು, ಅವನ ಮಾತನ್ನು ಕಲಿಯುವುದಕ್ಕೆ ದಿನಕ್ಕೆ ಅರ್ಧ ಗಂಟೆಯನ್ನು ಕೊಡಲಾರೆವೆ? ಶಂಖವನ್ನು ಕೆಳಗಿಟ್ಟು ಅವನ ಎದುರಿಗೆ, ಬೆಳಕಿನಲ್ಲಿ, ಮುಖ ಕಾಣುವಂತೆ ಕುಳಿತುಕೊಳ್ಳೋಣ. ಅಜ್ಜನ ವಿಷಯವನ್ನು ಅವನಿಗೂ ಹೇಳಬೇಕಾಗಿದೆ.